ಮನವರಿತು ನಡೆಯುವ ವಿದ್ಯೆ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಲೋಕದಲ್ಲಿ ವಿದ್ಯೆಗಳು ಹಲವುಂಟು. ವ್ಯಾಕರಣ, ತರ್ಕ, ಸಾಹಿತ್ಯ, ಗಣಿತಗಳೆಂದು ಪಾಠಶಾಲೆಗಳಲ್ಲಿ ಎಣಿಸುವ ವಿದ್ಯೆಗಳು ಒಂದು ಬಗೆ. ಒಕ್ಕಲುತನ, ನೇಯ್ಗೆ, ಬಡಗಿತನ, ವ್ಯಾಪಾರಗಳೆಂದು ಹೊಟ್ಟೆಬಟ್ಟೆಗೆ ಆಧಾರವಾದ ವಿದ್ಯೆಗಳು ಇನ್ನೊಂದು ಬಗೆ. ಇವೆಲ್ಲಕ್ಕೂ ಗುರುಗಳುಂಟು, ಗ್ರಂಥಗಳುಂಟು, ಪರೀಕ್ಷೆಗಳೂ ಉಂಟು. ಆದರೆ ಇವೆಲ್ಲದರ ಜೊತೆಯಲ್ಲಿಯೂ ಇರಬೇಕಾದ, ಯಾವ ಪರೀಕ್ಷೆಯ ಪಟ್ಟಿಯಲ್ಲಿಯೂ ಸೇರದಿರುವ ವಿದ್ಯೆಯೊಂದುಂಟು. ಎದುರಿಗಿರುವ ಮನುಷ್ಯನ ಮನಸ್ಸನ್ನು ಅರಿತು, ಅದಕ್ಕೆ ನೋವಾಗದಂತೆ ನುಡಿದು, ನುಡಿದುದನ್ನು ನಡೆಸಿ, ಹೀಗೆ ಪಡೆದ ವಿಶ್ವಾಸವನ್ನು ಕಡೆಯತನಕ ಕಾಪಾಡಿಕೊಂಡು ಬರುವ ವಿದ್ಯೆಯದು. ಹಿರಿಯರು ಇದನ್ನು ನಡೆನುಡಿಯೆಂದರು, ಜನಬಳಕೆಯೆಂದರು. ಹೆಸರು ಯಾವುದಾದರೂ ಆಗಲಿ, ಉಳಿದ ವಿದ್ಯೆಗಳು ಫಲ ಕೊಡುವುದೂ ಕೊಡದಿರುವುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುವುದು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇದನ್ನು ಕುರಿತು ಮೊದಲಿಗೇ ಒಂದು ಸಂಶಯವು ಏಳುವುದು ಸಹಜ. ಜನರ ಮನಸ್ಸನ್ನು ಒಲಿಸಿಕೊಳ್ಳುವುದೆಂದರೆ ಮುಖಸ್ತುತಿಯಲ್ಲವೆ? ಸವಿಮಾತಿನಿಂದ ಕಾರ್ಯ ಸಾಧಿಸಿಕೊಳ್ಳುವ ಚಾಲಾಕಿತನವಲ್ಲವೆ? ಸತ್ಯವನ್ನು ನುಡಿಯುವವನಿಗೆ ಇದೇತಕ್ಕೆ ಬೇಕು? ಈ ಸಂಶಯವನ್ನು ತಳ್ಳಿಹಾಕಲಾಗದು. ಸವಿಮಾತಾಡಿ ಮೋಸಗೊಳಿಸುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ಮುಖಸ್ತುತಿ ಮಾಡುವವನ ದೃಷ್ಟಿಯು ತನ್ನ ಲಾಭದ ಮೇಲೆ ಇರುವುದು. ಮನವರಿತು ನಡೆಯುವವನ ದೃಷ್ಟಿಯು ಎದುರಿನವನ ಮೇಲೆ ಇರುವುದು. ಮೊದಲನೆಯವನ ಸವಿಮಾತು ಕಾರ್ಯವು ಮುಗಿದೊಡನೆ ಮುಗಿಯುವುದು. ಎರಡನೆಯವನ ಮಾತಿನ ಬೆಲೆಯು ಕಾರ್ಯವು ಮುಗಿದ ಮೇಲೆ, ಎರವಲು ತಂದ ವಸ್ತುವನ್ನು ಹಿಂದಕ್ಕೆ ಕೊಡುವ ಹೊತ್ತಿನಲ್ಲಿ, ತಿಳಿದುಬರುವುದು. ಇವೆರಡಕ್ಕೂ ಇರುವ ಅಂತರವನ್ನು ಬರಿಯ ಮಾತಿನಿಂದ ವಿವರಿಸುವುದಕ್ಕಿಂತ ನಾಡೆಲ್ಲ ಬಲ್ಲ ಒಬ್ಬ ಮಹನೀಯರ ಕಾರ್ಯವನ್ನು ನೋಡುವುದು ಲೇಸು.

ವಚನಪಿತಾಮಹರೆಂದು ನಾಡು ಗೌರವಿಸುವ ರಾವ್‌ಸಾಹೇಬ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿದರು. ಮುಂಬಯಿಯಲ್ಲಿ ಕಾನೂನನ್ನು ಕಲಿತು, ವಿಜಾಪುರದಲ್ಲಿ ವಕೀಲಿಯನ್ನು ಕೈಕೊಂಡರು. ವಕೀಲಿಯು ಕೈತುಂಬ ಹಣ ಬರುವ ವೃತ್ತಿ. ಆದರೆ ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅವರ ಕಣ್ಣಿಗೆ ವಚನಗಳ ತಾಡೋಲೆಗಳು ಬಿದ್ದುವು. ಅಂದಿನಿಂದ ೧೯೬೪ರಲ್ಲಿ ಲಿಂಗೈಕ್ಯರಾಗುವವರೆಗೆ ಅವರ ಆಯುಷ್ಯದ ಬಹುಭಾಗವು ಈ ಓಲೆಗಳನ್ನು ಹುಡುಕುವುದರಲ್ಲಿಯೂ, ಓದುವುದರಲ್ಲಿಯೂ, ಅಚ್ಚು ಹಾಕಿಸುವುದರಲ್ಲಿಯೂ ಸಂದಿತು. ಅವರ ವಿದ್ವತ್ತನ್ನೂ ತ್ಯಾಗವನ್ನೂ ಎಲ್ಲರೂ ಹೊಗಳುವರು, ಹೊಗಳತಕ್ಕುದೇ ಸರಿ. ಆದರೆ ಆ ವಿದ್ವತ್ತಿಗೆ ಮೊದಲು ಓಲೆಗಳು ಕೈಗೆ ಬರಬೇಕಷ್ಟೆ. ಅವು ಹೇಗೆ ಬಂದುವೆಂಬುದನ್ನು ಯೋಚಿಸುವವರು ವಿರಳ.

ಆ ಕಾಲದಲ್ಲಿ ಓಲೆಗಳು ಎಲ್ಲಿದ್ದುವು? ಮಠಗಳಲ್ಲಿದ್ದುವು, ಭಕ್ತರ ಮನೆಗಳಲ್ಲಿದ್ದುವು. ಕಬ್ಬಿಣದ ಮೊನೆಯಿಂದ ಕೊರೆದು ಮಸಿ ತೀಡಿದ ಗರಿಗಳನ್ನು ಎರಡು ಮರದ ಹಲಗೆಗಳ ನಡುವೆ ಇರಿಸಿ, ದಾರದಿಂದ ಬಿಗಿದು, ವಸ್ತ್ರದಲ್ಲಿ ಸುತ್ತಿ, ದೇವರ ಜಗಲಿಯ ಮೇಲೆ ಇಟ್ಟು ವಿಭೂತಿ ಪತ್ರೆಗಳಿಂದ ಪೂಜಿಸುವ ವಾಡಿಕೆಯಿತ್ತು. ಪೂಜೆಯು ನಡೆಯುತ್ತಿತ್ತು, ಆದರೆ ಕಟ್ಟನ್ನು ಬಿಚ್ಚುವವರಿರಲಿಲ್ಲ. ಹಳೆಯ ಅಕ್ಷರಗಳನ್ನು ಓದಬಲ್ಲವರು ಕಡಿಮೆಯಾಗಿದ್ದರು. ಎಷ್ಟೋ ಕಡೆಗಳಲ್ಲಿ ಪೂಜೆಗೊಳ್ಳುತ್ತಿದ್ದ ಕಟ್ಟಿನೊಳಗೇ ಹುಳುಗಳು ಗರಿಗಳನ್ನು ತಿನ್ನುತ್ತಿದ್ದುವು. ಹಾಗೆಂದು ಮನೆಯವರನ್ನು ನಿಂದಿಸಲಾಗದು. ಅಜ್ಜ ಮುತ್ತಜ್ಜರು ಕೊಟ್ಟುಹೋದುದನ್ನು ಪರರ ಕೈಯಲ್ಲಿಡಲು ಅವರು ಅಂಜಿದರೆ ಅದು ಅವರ ಭಕ್ತಿಯ ಗುರುತು. ತೆಗೆದುಕೊಂಡು ಹೋದವರು ಹಿಂದಕ್ಕೆ ತಂದುಕೊಡುವರೆಂಬ ನಂಬಿಕೆಯೇನು? ಪೂಜೆಯ ವಸ್ತುವನ್ನು ಹೊಸಲು ದಾಟಿಸಿದರೆ ಮನೆಗೆ ಕೇಡಾಗದೆಂಬ ಭರವಸೆಯೇನು?

ಇಂತಹ ಮನೆಯ ಬಾಗಿಲಿಗೆ ಹೋಗಿ, ‘ಇದನ್ನು ಓದದೆ ಇಟ್ಟುಕೊಂಡಿರುವುದು ಅಜ್ಞಾನ, ನನಗೆ ಕೊಡಿರಿ’ ಎಂದು ಕೇಳುವವನು ಎಂತಹ ಪಂಡಿತನೇ ಆಗಿರಲಿ, ಬರಿಗೈಯಿಂದ ಹಿಂದಿರುಗುವನು. ಅವನು ಹೇಳಿದ ಮಾತು ಸತ್ಯವೇ ಇರಬಹುದು. ಆದರೆ ಆ ಸತ್ಯದಿಂದ ಒಂದು ಗರಿಯೂ ಉಳಿಯಲಾರದು. ಮನೆಯ ಯಜಮಾನನ ಅಂಜಿಕೆಯನ್ನು ಮೊದಲು ಮನ್ನಿಸಬೇಕು. ಅವನ ಹಿರಿಯರ ಕಥೆಯನ್ನು ತಾಳ್ಮೆಯಿಂದ ಕೇಳಬೇಕು. ಅವನು ಪೂಜಿಸುವ ವಸ್ತುವನ್ನು ಅವನಂತೆಯೇ ಭಕ್ತಿಯಿಂದ ಮುಟ್ಟಬೇಕು. ಇಂದು ಕೊಡಲೊಲ್ಲೆನೆಂದರೆ ಮುನಿಯದೆ ಎದ್ದು ಬಂದು, ಇನ್ನೊಮ್ಮೆ ಹೋಗಬೇಕು. ಒಂದು ಮನೆಯಿಂದ ತಂದುದನ್ನು ಜೋಪಾನವಾಗಿ ಹಿಂದಿರುಗಿಸಿದರೆ ಆ ಸುದ್ದಿಯು ತಾನಾಗಿಯೇ ಮುಂದಿನ ಊರಿಗೆ ಹೋಗುವುದು. ಕಳೆದರೆ ಅದಕ್ಕಿಂತ ಬೇಗನೆ ಹೋಗುವುದು.

ಹಳಕಟ್ಟಿಯವರ ಶೋಧನೆಗಿಂತ ಮುಂಚೆ ವಚನಕಾರರೆಂದು ಲೋಕಕ್ಕೆ ತಿಳಿದಿದ್ದ ಹೆಸರುಗಳು ಕೆಲವೇ ಹತ್ತುಗಳು. ಅವರ ಶೋಧನೆಯಿಂದ ಆ ಸಂಖ್ಯೆಯು ಇನ್ನೂರನ್ನು ಮೀರಿತು. ಇಷ್ಟು ಓಲೆಗಳನ್ನು ಬಲದಿಂದಾಗಲಿ ಹಣದಿಂದಾಗಲಿ ಕೂಡಿಸುವುದು ಆಗದ ಮಾತು. ಬಲವೂ ಅವರಲ್ಲಿರಲಿಲ್ಲ, ಹಣವೂ ನಿಲ್ಲಲಿಲ್ಲ. ಜನರು ನಂಬಿ ತೆರೆದ ಬಾಗಿಲುಗಳಿಂದಲೇ ವಚನಗಳು ಹೊರಬಂದುವು. ಹೊರಬಾರದೆ ಉಳಿದುವುಗಳಲ್ಲಿ ಏನೇನಿತ್ತೆಂಬುದನ್ನು ಇನ್ನು ಯಾರೂ ಅರಿಯಲಾರರು. ವಿಶ್ವಾಸವು ಹುಟ್ಟದೆ ಹೋದ ಕಡೆ ಆಗುವ ಹಾನಿಯು ಎಷ್ಟೆಂಬುದಕ್ಕೆ ಬೇರೆ ನಿದರ್ಶನವು ಬೇಡ.

ಓಲೆಗಳು ದೊರೆತ ಮೇಲೆಯೂ ಜನರ ಕೆಲಸ ಮುಗಿಯಲಿಲ್ಲ. ಅಚ್ಚಿಗಾಗಿ ಮಂಗಳೂರಿನ ಒಂದು ಮುದ್ರಣಾಲಯಕ್ಕೆ ಕಳುಹಿದ ಹಸ್ತಪ್ರತಿಯು ಹಿಂದಿರುಗಿ ಬಂದಿತು. ಅದರಿಂದ ಕುಂದದೆ ಬೆಳಗಾವಿಯಲ್ಲಿ ಅಚ್ಚು ಹಾಕಿಸಲು, ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ೧೯೨೩ರಲ್ಲಿ ಹೊರಬಂದಿತು. ಮುಂದೆ ೧೯೨೫ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ, ೧೯೨೭ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ೧೯೨೬ರಲ್ಲಿಯೇ ಬಳ್ಳಾರಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಲನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಮುದ್ರಣಾಲಯವೆಂದರೆ ಬರಿಯ ಯಂತ್ರವಲ್ಲ. ಮೊಳೆ ಜೋಡಿಸುವವನು, ಕರಡು ತಿದ್ದುವವನು, ಕಾಗದ ಕೊಡುವ ವ್ಯಾಪಾರಿ, ಚಂದಾ ಕಳುಹುವ ದೂರದೂರಿನ ಓದುಗ, ಇವರೆಲ್ಲರೂ ನಂಬಿ ನಡೆದರೆ ಮಾತ್ರ ಪತ್ರಿಕೆಯ ಮುಂದಿನ ಸಂಚಿಕೆಯು ಹೊರಡುವುದು.

ಜನರ ವಿಶ್ವಾಸದಿಂದ ಗ್ರಂಥಗಳು ಉಳಿದ ಬಗೆಯನ್ನು ಕಂಡಂತಾಯಿತು. ಅದೇ ವಿಶ್ವಾಸದಿಂದ ಬದುಕೂ ಉಳಿಯುವುದೆಂಬುದಕ್ಕೆ ಉತ್ತರ ಕರ್ನಾಟಕದಲ್ಲಿಯೇ ಇನ್ನೊಂದು ಸಾಕ್ಷಿಯುಂಟು. ೧೯೦೪ರಲ್ಲಿ ಹಿಂದುಸ್ಥಾನದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಜಾರಿಗೆ ಬಂದಿತು. ಅದರ ಮರುವರ್ಷ, ೧೯೦೫ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಸಹಕಾರಿ ಸಂಘವನ್ನು ಕಟ್ಟಿದರು. ಭಾರತದ ಸಹಕಾರ ಚಳವಳಿಯ ಮೊದಲನೆಯ ಸಂಘವೆಂದು ಅದು ಪ್ರಸಿದ್ಧವಾಯಿತು. ಆ ಕಾನೂನಿನಲ್ಲಿ ಹಳ್ಳಿಯ ಸಂಘಗಳಿಗೆ ಒಂದು ಕಟ್ಟಳೆಯಿತ್ತು. ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನು ತೀರಿಸದ ಸಾಲವು ಸಂಘಕ್ಕೆ ನಷ್ಟವಾದರೆ ಅದರ ಭಾರವು ಉಳಿದವರೆಲ್ಲರ ಮೇಲೆ ಬೀಳುತ್ತಿತ್ತು.

ಈ ಕಟ್ಟಳೆಯ ಅರ್ಥವನ್ನು ಸ್ವಲ್ಪ ಯೋಚಿಸತಕ್ಕುದು. ನೆರೆಯವನ ಸಾಲಕ್ಕೆ ತನ್ನ ಹೊಲವನ್ನು ಹೊಣೆಯಾಗಿ ನಿಲ್ಲಿಸುವವನು ಆ ನೆರೆಯವನನ್ನು ಎಷ್ಟು ಅರಿತಿರಬೇಕು! ಅವನು ದುಡಿಯುವನೆ, ಕುಡಿಯುವನೆ, ಬರಗಾಲದಲ್ಲಿ ಮಾತಿಗೆ ತಪ್ಪುವನೆ, ಇವೆಲ್ಲವೂ ಯಾವ ಲೆಕ್ಕದ ಪುಸ್ತಕದಲ್ಲಿಯೂ ಇರುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಆಡಿದ ಮಾತಿನಲ್ಲಿ, ಕಣದಲ್ಲಿ ಒಬ್ಬರಿಗೊಬ್ಬರು ನೆರವಾದುದರಲ್ಲಿ, ಸಾವು ನೋವುಗಳಲ್ಲಿ ಬಾಗಿಲಿಗೆ ಬಂದು ನಿಂತುದರಲ್ಲಿ ಅದು ತಿಳಿದುಬರುವುದು. ಊರಿನ ಜನರನ್ನು ಅರಿತವನೊಬ್ಬನು ಮುಂದೆ ನಿಂತುದರಿಂದಲೇ ಸಾಹುಕಾರರ ಬಡ್ಡಿಗೆ ಬೇಸತ್ತಿದ್ದ ಒಕ್ಕಲಿಗರು ಒಂದುಗೂಡಿದರು. ಹಳಕಟ್ಟಿಯವರೂ ೧೯೧೨ರಲ್ಲಿ ವಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದವರೆಂಬುದನ್ನು ಇಲ್ಲಿ ನೆನೆಯಬೇಕು. ಓಲೆಯನ್ನು ಎರವಲು ಪಡೆಯುವುದಕ್ಕೂ, ಹಣವನ್ನು ಸಾಲವಾಗಿ ಕೊಡುವುದಕ್ಕೂ ಬೇಕಾದ ಬಂಡವಾಳವು ಒಂದೇ.

ಮನವರಿತು ನಡೆಯುವುದೆಂದರೆ ಯಾವಾಗಲೂ ಹೌದೆನ್ನುವುದಲ್ಲ. ತಪ್ಪನ್ನು ಕಂಡಾಗ ತಿದ್ದುವುದೂ ಅದರಲ್ಲಿ ಸೇರಿರುವುದು. ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗವು ಎಲ್ಲರಿಗೂ ತಿಳಿದುದೇ. ಮಾರಯ್ಯನು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಮಿಕ್ಕುದನ್ನು ತಂದ ಕಡೆಯಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆಕೆಯ ನುಡಿಯು ಮೃದುವಾದುದಲ್ಲ. ಆದರೂ ಮಾರಯ್ಯನು ಸಿಟ್ಟಾಗದೆ ಹಿಂದಿರುಗಿದನು. ಆ ನುಡಿಯ ಹಿಂದೆ ತನ್ನನ್ನು ಕೀಳುಮಾಡುವ ಎಣಿಕೆಯಿಲ್ಲವೆಂದೂ, ಇಬ್ಬರೂ ಹಿಡಿದ ಕಾಯಕದ ಶುದ್ಧಿಯನ್ನು ಕಾಯುವ ಎಣಿಕೆಯಿರುವುದೆಂದೂ ಅವನು ಬಲ್ಲನು. ನಿಷ್ಠುರವಾದ ಮಾತನ್ನು ಆಡುವ ಅಧಿಕಾರವು ಬಹುಕಾಲದ ಪ್ರೀತಿಯಿಂದ ಬರುವುದು. ಆ ಪ್ರೀತಿಯನ್ನು ಗಳಿಸದೆಯೇ ಎಲ್ಲರನ್ನೂ ತಿದ್ದಹೊರಡುವವರು ತಾವು ಸತ್ಯವಂತರೆಂದು ತಿಳಿದುಕೊಳ್ಳುವರು. ಕೇಳಿದವರು ಮಾತ್ರ ತಿದ್ದಿಕೊಳ್ಳುವುದಿಲ್ಲ.

ಈ ವಿದ್ಯೆಯನ್ನು ಕಲಿಯುವುದಕ್ಕೆ ದೂರ ಹೋಗಬೇಕಾಗಿಲ್ಲ. ಯಾವ ಮಠದ ಪ್ರಸಾದನಿಲಯದಲ್ಲಿಯಾದರೂ ಪಂಕ್ತಿಗೆ ಬಡಿಸುವವರನ್ನು ನೋಡಿದರೆ ಸಾಕು. ಒಬ್ಬನು ಸಾರಿನ ಪಾತ್ರೆಯನ್ನು ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವನು. ಅವನ ಗಮನವೆಲ್ಲ ಪಾತ್ರೆಯನ್ನು ಬೇಗನೆ ಬರಿದುಮಾಡುವುದರ ಮೇಲೆ. ಇನ್ನೊಬ್ಬನು ಎಲೆಗಳನ್ನು ನೋಡುತ್ತ ನಡೆಯುವನು. ಕೇಳಲು ನಾಚುವ ಹುಡುಗನ ಎಲೆಯು ಬರಿದಾಗಿರುವುದನ್ನೂ, ಹಲ್ಲಿಲ್ಲದ ಮುದುಕನು ಅನ್ನವನ್ನು ಮೆತ್ತಗೆ ಕಲಸಿಕೊಳ್ಳಲು ಇನ್ನಷ್ಟು ಸಾರಿಗಾಗಿ ಕಾದಿರುವುದನ್ನೂ, ಮೊದಲ ಬಾರಿಗೆ ಬಂದ ಬಡವನು ಎರಡನೆಯ ಸಲ ಕೇಳಬಹುದೋ ಬಾರದೋ ಎಂದು ಅನುಮಾನಿಸುತ್ತಿರುವುದನ್ನೂ ಅವನು ಕಾಣುವನು. ಇಬ್ಬರೂ ಬಡಿಸಿದುದು ಒಂದೇ ಪ್ರಸಾದ. ಆದರೆ ಎರಡನೆಯವನ ಸಾಲಿನಲ್ಲಿ ಉಂಡವರು ತೃಪ್ತರಾಗಿ ಏಳುವರು. ಹೀಗೆ ನೋಡುವ ಕಣ್ಣನ್ನು ಬಾಲ್ಯದಲ್ಲಿಯೇ ಪಡೆದ ವಿದ್ಯಾರ್ಥಿಯು ಮುಂದೆ ಯಾವ ಉದ್ಯೋಗಕ್ಕೆ ಹೋದರೂ ಅದು ಅವನ ಸಂಗಡವೇ ಹೋಗುವುದು.

ಇಂದಿನ ಉದ್ಯೋಗಗಳ ರೀತಿಯು ಬಹಳವಾಗಿ ಮಾರ್ಪಟ್ಟಿದೆ. ಲೆಕ್ಕವನ್ನು ಗಣಕಯಂತ್ರವು ಮಾಡುವುದು. ಪತ್ರವನ್ನೂ ಭಾಷಾಂತರವನ್ನೂ ಕೃತಕ ಬುದ್ಧಿಯ ಯಂತ್ರಗಳು ಕ್ಷಣದಲ್ಲಿ ಬರೆದುಕೊಡುವುವು. ಹತ್ತು ವರ್ಷ ಶ್ರಮಪಟ್ಟು ಕಲಿತ ಕೈಚಳಕವು ಒಂದು ಯಂತ್ರದ ಬರವಿನಿಂದ ಬೆಲೆಗೆಡುವುದನ್ನು ಕಂಡು ತರುಣರು ಅಂಜುತ್ತಿರುವರು. ಅವರ ಅಂಜಿಕೆಯು ನಿರಾಧಾರವಾದುದಲ್ಲ. ಓಲೆಯ ಲಿಪಿಕಾರನ ಕೆಲಸವನ್ನು ಮುದ್ರಣಯಂತ್ರವು ನುಂಗಿತು. ಮೊಳೆ ಜೋಡಿಸುವವನ ಕೆಲಸವನ್ನು ಗಣಕಯಂತ್ರವು ನುಂಗಿತು. ಆದರೆ ಲಿಪಿಕಾರನ ಕಾಲದಲ್ಲಿಯೂ, ಮೊಳೆಗಳ ಕಾಲದಲ್ಲಿಯೂ, ಇಂದಿಗೂ, ಜಗಲಿಯ ಮೇಲಿನ ಕಟ್ಟನ್ನು ಬಿಚ್ಚಿಕೊಡಬೇಕಾದವನು ಆ ಮನೆಯ ಯಜಮಾನನೇ. ಅಳಿದುಳಿದ ಹಸ್ತಪ್ರತಿಗಳ ಛಾಯೆಯನ್ನು ಯಂತ್ರವು ನಿಮಿಷದಲ್ಲಿ ತೆಗೆಯಬಲ್ಲದು; ಅವನ ಮನವೊಪ್ಪುವವರೆಗೆ ಕಾಯುವ ಕೆಲಸವು ಮಾತ್ರ ಮನುಷ್ಯನಿಗೇ ಉಳಿದಿರುವುದು.

ವೈದ್ಯನನ್ನು ನೋಡಿರಿ. ರೋಗಿಯು ಕೊಟ್ಟ ಔಷಧವನ್ನು ನಡುವೆಯೇ ಬಿಟ್ಟಿರುವನು. ಕೈಯಲ್ಲಿ ದುಡ್ಡಿರಲಿಲ್ಲವೆಂದು ಹೇಳಲು ಅವನಿಗೆ ನಾಚಿಕೆ. ಗದರಿಸುವ ವೈದ್ಯನಿಗೆ ಅವನು ‘ತಪ್ಪದೆ ತೆಗೆದುಕೊಂಡೆ’ ಎಂದು ಸುಳ್ಳನ್ನೇ ಹೇಳುವನು. ಆ ಸುಳ್ಳಿನ ಮೇಲೆ ನಡೆದ ಚಿಕಿತ್ಸೆಯು ಕೆಡುವುದು. ಕುಳಿತುಕೊಳ್ಳೆಂದು ಹೇಳಿ, ಮನೆಯ ಯೋಗಕ್ಷೇಮವನ್ನು ವಿಚಾರಿಸಿ, ಬಳಿಕ ಔಷಧದ ಮಾತೆತ್ತುವವನಿಗೆ ನಿಜವು ತಿಳಿಯುವುದು. ಇದೇ ರೀತಿ ಹಳ್ಳಿಯ ಮುದುಕಿಯೊಬ್ಬಳು ತಿಂಗಳ ವೃದ್ಧಾಪ್ಯವೇತನಕ್ಕಾಗಿ ಬರುವಳು. ಜೀವಮಾನವೆಲ್ಲ ಕಳೆ ಕಿತ್ತು ಸವೆದ ಹೆಬ್ಬೆರಳನ್ನು ಯಂತ್ರವು ಗುರುತಿಸದು. ‘ಆಗುವುದಿಲ್ಲ, ನಾಳೆ ಬಾ’ ಎಂದರೆ ನೌಕರನ ಕೆಲಸ ಮುಗಿಯಿತು. ಆದರೆ ಆಕೆಯು ಒಂದು ದಿನದ ಕೂಲಿಯನ್ನು ಬಿಟ್ಟು ಬಂದಿರುವಳು. ತನ್ನ ಹಣವು ಹೋಯಿತೆಂದೇ ತಿಳಿದು ಎದೆಯೊಡೆದುಕೊಳ್ಳುವಳು. ‘ಅವ್ವಾ, ಹಣ ಎಲ್ಲಿಗೂ ಹೋಗಿಲ್ಲ, ಕೈ ತೊಳೆದುಕೊಂಡು ಬಾ, ಇನ್ನೊಂದು ಬೆರಳನ್ನು ಇಟ್ಟು ನೋಡೋಣ’ ಎನ್ನುವ ನೌಕರನು ಕಾನೂನನ್ನು ಮೀರಲಿಲ್ಲ, ಹೆಚ್ಚಿನ ವೆಚ್ಚವನ್ನೂ ಮಾಡಲಿಲ್ಲ. ಆಕೆಯ ಮನಸ್ಸಿನೊಳಗಿನ ಭಯವನ್ನು ಅರಿತನು, ಅಷ್ಟೆ. ಆ ಅಷ್ಟರಿಂದ ಆಕೆಗೆ ಆದ ಉಪಕಾರವು ಬಹು ದೊಡ್ಡದು.

ಹಾಗಾದರೆ ಇದನ್ನು ಸಾಧಿಸುವ ಬಗೆಯೆಂತು? ಇದಕ್ಕೆ ಸೂತ್ರಗಳು ಸಾಲವು, ಅಭ್ಯಾಸವು ಬೇಕು. ಎದುರಿನವನ ಮಾತು ಮುಗಿಯುವವರೆಗೆ ತನ್ನ ಉತ್ತರವನ್ನು ಸಿದ್ಧಪಡಿಸಿಕೊಳ್ಳದೆ ಕೇಳುವುದು ಅಭ್ಯಾಸದ ಮೊದಲ ಮೆಟ್ಟಿಲು. ಶಾಸ್ತ್ರ ಬಲ್ಲವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾದುದು, ಅದೇಕೆಂದರೆ ಅವರಿಗೆ ಉತ್ತರವು ಮೊದಲೇ ತಿಳಿದಿರುವುದು. ಸಣ್ಣ ಮಾತನ್ನಾದರೂ ಕೊಟ್ಟಮೇಲೆ ನಡೆಸಬೇಕು. ನಡೆಸಲು ಆಗದಿದ್ದರೆ ಕೇಳುವ ಮೊದಲೇ ಹೋಗಿ ತಿಳಿಸಬೇಕು. ಕೆಲಸವು ಹಲವರ ಕೈಯಿಂದ ಆಗಿರುವಾಗ ಹೆಸರನ್ನು ಒಬ್ಬನೇ ಹೊತ್ತುಕೊಳ್ಳಬಾರದು. ತಪ್ಪಿದ್ದರೆ ಒಪ್ಪಿಕೊಳ್ಳಲು ತಡಮಾಡಬಾರದು. ಇವುಗಳಲ್ಲಿ ಯಾವುದಕ್ಕೂ ಹಣವು ಬೇಡ, ಹೆಚ್ಚಿನ ಬುದ್ಧಿಯೂ ಬೇಡ. ಅಹಂಕಾರವನ್ನು ಪ್ರತಿದಿನವೂ ಸ್ವಲ್ಪ ಬದಿಗಿಡಬೇಕಾಗುವುದು, ಕಷ್ಟವಿರುವುದೆಲ್ಲ ಅಲ್ಲಿಯೇ.

ಹಳಕಟ್ಟಿಯವರು ಮನೆ ಮಾರಿದರು, ಕಡೆಯ ದಿನಗಳನ್ನು ಬಡತನದಲ್ಲಿಯೇ ಕಳೆದರು. ಲೋಕದ ಲೆಕ್ಕದಲ್ಲಿ ಅವರು ಕಳೆದುಕೊಂಡವರು. ಆದರೆ ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಹೊರತಂದಾಗ, ಆ ಮಹಾಕಾರ್ಯದ ಮೊದಲ ಹೆಜ್ಜೆಯು ಎಲ್ಲಿ ಬಿದ್ದಿತ್ತೆಂಬುದನ್ನು ತಿಳಿದವರೆಲ್ಲರೂ ಅರಿತಿದ್ದರು. ಅದು ಬಿದ್ದುದು ಯಾವುದೋ ಒಂದು ಮನೆಯ ಹೊಸಲಿನಲ್ಲಿ. ಹೆಸರು ಉಳಿಯದ ಒಬ್ಬ ಯಜಮಾನನು ಹಿರಿಯರ ಕಟ್ಟನ್ನು ಜಗಲಿಯಿಂದ ಇಳಿಸಿ, ‘ಜೋಪಾನ’ ಎಂದು ಹೇಳಿ, ಪರರ ಕೈಯಲ್ಲಿಟ್ಟ ಗಳಿಗೆಯಲ್ಲಿ.

ಇಂದು ಈ ಸಭೆಯಿಂದ ತಮ್ಮ ತಮ್ಮ ಊರುಗಳಿಗೆ ಹಿಂದಿರುಗುವ ಶಿಷ್ಯರು ನಾಳೆಯೇ ಯಾರೋ ಒಬ್ಬರ ಹೊಸಲಿನಲ್ಲಿ ನಿಲ್ಲುವರು. ಒಬ್ಬನು ಶಾಲೆಯ ಹೊಸಲಿನಲ್ಲಿ, ಒಬ್ಬಳು ಆಸ್ಪತ್ರೆಯ ಹೊಸಲಿನಲ್ಲಿ, ಮತ್ತೊಬ್ಬನು ಬಹುದಿನಗಳಿಂದ ಮಾತುಬಿಟ್ಟ ಸ್ವಂತ ಅಣ್ಣನ ಮನೆಯ ಹೊಸಲಿನಲ್ಲಿ. ಒಳಗಿನವರು ನಂಬಿ ಬಾಗಿಲು ತೆರೆಯುವಂತಹ ನಡೆನುಡಿಯು ಅವರೆಲ್ಲರಿಗೂ ಶ್ರೀಗುರುಕೃಪೆಯಿಂದ ಲಭಿಸಲೆಂದು ಹಾರೈಸಿ ಈ ಉಪನ್ಯಾಸವನ್ನು ಮುಗಿಸಲಾಗುವುದು.